ಬಿಪಿ ಮೆಷಿನ್ ಮೊಬೈಲಿಗೆ ಜೋಡಿಸುವವರಿಗೆ

ಬದಿಯಡ್ಕ ಪೇಟೆಯಲ್ಲಿ ನನ್ನದು ಮೆಡಿಕಲ್ ಶಾಪ್. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳು ಊರಿನ ಅಪ್ಪ ಅಮ್ಮನಿಗೆ ಬ್ಲೂಟೂತ್ ಇರುವ ಬಿಪಿ ಮೆಷಿನ್ ಕಳಿಸುತ್ತಾರೆ. "ಇದು ಮೊಬೈಲಿಗೆ ಸಿಕ್ಕುವುದೇ ಇಲ್ಲ ಮಾರಾಯ್ರೇ" ಎಂದು ಅವರು ಡಬ್ಬಿ ಸಮೇತ ನನ್ನ ಹತ್ತಿರ ಬರುತ್ತಾರೆ. ಮೆಷಿನ್ ಹಾಳಾಗಿರುವುದು ಕಡಿಮೆ.

ಹೆಚ್ಚಿನವರು ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಹುಡುಕುತ್ತಾರೆ. ಬೇಡ. ಕಂಪೆನಿಯ ಆ್ಯಪ್ ಹಾಕಿ, ಅದರ ಒಳಗಿಂದಲೇ ಮೆಷಿನ್ ಸೇರಿಸಿ. ಇದರಲ್ಲಿರುವುದು 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ, ಕಡಿಮೆ ಕರೆಂಟ್ ತಿನ್ನುವ ಬಗೆ. ಬ್ಯಾಟರಿ ಉಳಿಸಲು ಅದು ಸುಮ್ನೆ ಮಲಗಿರುತ್ತದೆ. ಬ್ಲೂಟೂತ್ ಬಟನ್ ಒತ್ತಿ ಹಿಡಿದಾಗ ಸ್ವಲ್ಪ ಹೊತ್ತು ಮಾತ್ರ ಫೋನಿಗೆ ಕಾಣುತ್ತದೆ. ಹಾಗಾಗಿ ಮೊದಲು ಆ್ಯಪ್ ತೆರೆದಿಡಿ, ಆಮೇಲೆ ಬಟನ್ ಒತ್ತಿ. ಆಂಡ್ರಾಯ್ಡ್ 11ರ ವರೆಗಿನ ಫೋನಾದರೆ ಲೊಕೇಶನ್ ಆನ್ ಇರಲಿ. 12ರಿಂದ ಈಚೆಯದ್ದು ಹತ್ತಿರದ ಸಾಧನಗಳಿಗೆ ಅನುಮತಿ ಕೇಳುತ್ತದೆ, ಕೊಡಿ.

ಎರಡನ್ನೂ ಒಂದೇ ಮೇಜಿನ ಮೇಲೆ ಇಡಿ. ಬಯಲಿನಲ್ಲಿ ಹತ್ತು ಮೀಟರ್ ಹೋಗುವ ಸಿಗ್ನಲ್ ನಮ್ಮ ದಪ್ಪ ಮುರಕಲ್ಲಿನ ಗೋಡೆ ದಾಟಲು ಒದ್ದಾಡುತ್ತದೆ. ಈ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ಮಳೆಗಾಲದ ಒದ್ದೆ ಗೋಡೆಯಾದರೆ ಇನ್ನೂ ಕಷ್ಟ. ನಮ್ಮ ಮೈಯಲ್ಲೂ ನೀರೇ ಜಾಸ್ತಿ ಅಲ್ವಾ? ಫೋನ್ ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದರೆ ಮೈಯೇ ಅಡ್ಡ ಬರುತ್ತದೆ.

ಕನೆಕ್ಟ್ ಆಯಿತು ಎಂದು ಡಬ್ಬಿ ಮುಚ್ಚಬೇಡಿ. ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಂದ ಮುಂದಿನದ್ದು. ಮೆಷಿನ್‌ನಿಂದ ಹೋಗುವುದು 142/88 ಎಂಬ ರೀಡಿಂಗ್ ಮಾತ್ರ ಅಲ್ಲ. ಯಾವ ದಿನ, ಎಷ್ಟು ಗಂಟೆ, ಯಾರದ್ದು ಎಂಬುದೂ ಜೊತೆಗೆ ಹೋಗುತ್ತದೆ. ಬ್ಯಾಟರಿ ಬದಲಿಸಿದಾಗ ಕೆಲವು ಮೆಷಿನ್‌ಗಳ ತಾರೀಕು ಅಳಿಸಿಹೋಗುತ್ತದೆ. ಆಗ ಇವತ್ತು ಬೆಳಿಗ್ಗೆಯ ಬಿಪಿ ಯಾವುದೋ ಹಳೆಯ ವರ್ಷದ ಜನವರಿ 1ರಲ್ಲಿ ಹೋಗಿ ಕೂರುತ್ತದೆ. ಅತ್ತ ಮಗಳು "ಇವತ್ತು ನೋಡ್ಲೇ ಇಲ್ವಾ ಅಮ್ಮ?" ಎಂದು ಗಾಬರಿಯಲ್ಲಿ ಫೋನ್ ಮಾಡುತ್ತಾಳೆ. ಬ್ಯಾಟರಿ ಹಾಕಿದ ಕೂಡಲೇ ತಾರೀಕು ನೋಡಿ.

ಇಬ್ಬರು ಬಳಸುವ ಮೆಷಿನ್‌ನಲ್ಲಿ 1, 2 ಎಂಬ ಬಟನ್ ಇರುತ್ತದೆ. ಪೆರ್ಲ ಕಡೆಯ ಒಬ್ಬರು ಅಮ್ಮನ ಪಟ್ಟಿಯಲ್ಲಿ ಅವರ ಯಜಮಾನರ ರೀಡಿಂಗೂ ಸೇರಿಕೊಂಡು, ಡಾಕ್ಟರು ಮಾತ್ರೆ ಜಾಸ್ತಿ ಮಾಡುವುದರಲ್ಲಿದ್ದರು. ಹಾಗಾಗಿ ನಾನು ಬಿಳಿ ಪ್ಲಾಸ್ಟರಿನ ತುಂಡಿನಲ್ಲಿ "ಅಪ್ಪ", "ಅಮ್ಮ" ಎಂದು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಬಟನ್ ಪಕ್ಕ ಅಂಟಿಸಿಯೇ ಕೊಡುತ್ತೇನೆ. ನೀವೂ ಹಾಗೆ ಮಾಡಿ. ಮೊದಲ ಒಂದು ವಾರ ಮೆಷಿನ್‌ನ ಪರದೆಯಲ್ಲಿ ಕಂಡದ್ದನ್ನು ಪುಸ್ತಕದಲ್ಲೂ ಬರೆದು, ಆ್ಯಪ್‌ಗೆ ಬಂದದ್ದರ ಜೊತೆ ತಾಳೆ ನೋಡಿ.

ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಫೋನನ್ನು ಎದೆಯ ಹತ್ತಿರದ ಅಂಗಿಯ ಜೇಬಿನಲ್ಲಿ ಇಡಲು ಬಿಡಬೇಡಿ. 15 ಸೆಂಟಿಮೀಟರ್ ಆದರೂ ದೂರ ಇರಲಿ. ಅವರಿಗೆ ಈ ಮೆಷಿನ್ ಆಗುತ್ತದೋ ಎಂದು ಖರೀದಿಸುವ ಮೊದಲೇ ಹೃದಯದ ಡಾಕ್ಟರರಲ್ಲಿ ಕೇಳಿ.