ಚಾರಣದ ಬೆನ್ನುಚೀಲಕ್ಕೆ ಒಣ ಬಿಸಿಬೇಳೆಭಾತ್

ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ತೊಗರಿಬೇಳೆ ಸುಲಭಕ್ಕೆ ಬೇಯುವುದಿಲ್ಲ. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿರುತ್ತದೆ, ಆದರೆ ಅದರ ಬಿಸಿ 87 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಸುಮಾರು 300 ಮೀಟರ್ ಏರಿದಾಗಲೆಲ್ಲ ನೀರಿನ ಕುದಿಬಿಂದು ಒಂದು ಡಿಗ್ರಿ ಇಳಿಯುವುದೇ ಇದಕ್ಕೆ ಕಾರಣ. ಹಿಮಾಲಯದ ನನ್ನ ಮೊದಲ ಚಾರಣದಲ್ಲಿ ಇದು ಗೊತ್ತಿರಲಿಲ್ಲ. ಗ್ಯಾಸೆಲ್ಲ ಉರಿದುಹೋಯಿತು, ಬೇಳೆ ಮಾತ್ರ ಹಲ್ಲಿಗೆ ಕಟಕಟ ಸಿಗುತ್ತಲೇ ಇತ್ತು. ಆಮೇಲಿಂದ ಊಟವನ್ನು ಮನೆಯಲ್ಲೇ ಪೂರ್ತಿ ಬೇಯಿಸಿ, ನೀರು ತೆಗೆದು ಒಯ್ಯುತ್ತೇನೆ.

ನೀರು ತೆಗೆಯಲು ಎರಡು ದಾರಿಗಳಿವೆ. ಒಂದು ಫ್ರೀಜ್ ಡ್ರೈಯಿಂಗ್. ಬೇಯಿಸಿದ ಆಹಾರವನ್ನು ಗಡ್ಡೆಕಟ್ಟಿಸಿ ನಿರ್ವಾತದಲ್ಲಿಟ್ಟರೆ ಒಳಗಿನ ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತದೆ. ಗಡ್ಡೆಯಿದ್ದ ಜಾಗದಲ್ಲೆಲ್ಲ ಸ್ಪಂಜಿನಂತೆ ಸಣ್ಣ ತೂತುಗಳು ಉಳಿಯುತ್ತವೆ. ಬಿಸಿನೀರು ಹೊಯ್ದ ಹತ್ತೇ ನಿಮಿಷದಲ್ಲಿ ಊಟ ಸಿದ್ಧವಾಗುವುದು ಈ ತೂತುಗಳಿಂದ. ನಾವು ಕುಡಿಯುವ ಕೆಲವು ಇನ್‌ಸ್ಟಂಟ್ ಕಾಫಿಗಳೂ ಹೀಗೇ ತಯಾರಾದವು. ಆದರೆ ಇದಕ್ಕೆ ಬೇಕಾದ ಯಂತ್ರ ದುಬಾರಿ, ಹಾಗಾಗಿ ಪೊಟ್ಟಣವನ್ನು ಕೊಂಡೇ ತರಬೇಕು.

ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ. ಬೆವರುವ ದಿನ ಉಪ್ಪು ಸ್ವಲ್ಪ ಹೆಚ್ಚು ಬೇಕು, ನಿಜ. ಆದರೂ ಒಂದೇ ಹೊತ್ತಿನ ಊಟದಲ್ಲಿ 1,200 ಇದ್ದರೆ ನಾನು ಮುಟ್ಟುವುದಿಲ್ಲ. ಪ್ರೋಟೀನ್ 15 ಗ್ರಾಮಿಗಿಂತ ಕಡಿಮೆ ಇದ್ದರೂ ಬೇಡ. ಅಂಕಿಗಳು ಇಡೀ ಪೊಟ್ಟಣದ್ದೋ 100 ಗ್ರಾಮಿನದ್ದೋ ಎಂಬುದನ್ನೂ ನೋಡಿಕೊಳ್ಳಿ.

ಇನ್ನೊಂದು ದಾರಿ ಬಿಸಿಗಾಳಿಯಲ್ಲಿ ಒಣಗಿಸುವುದು. ಮನೆಬಳಕೆಯ ಡಿಹೈಡ್ರೇಟರ್ ಇದ್ದರೆ ಸಾಕು. ನಾಲ್ಕು ಊಟಕ್ಕೆ ಅಕ್ಕಿ 200 ಗ್ರಾಂ, ತೊಗರಿಬೇಳೆ 200 ಗ್ರಾಂ, ಕ್ಯಾರೆಟ್, ಬೀನ್ಸ್, ಬಟಾಣಿ ಸೇರಿ 400 ಗ್ರಾಂ ತೆಗೆದುಕೊಳ್ಳಿ. ತರಕಾರಿಯನ್ನು ಬಟಾಣಿಗಿಂತ ಸಣ್ಣಗೆ ಹೆಚ್ಚಿ. ಬಟಾಣಿಯ ಸಿಪ್ಪೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಬೆಂದ ಮೇಲೆ ಅದನ್ನು ಹಿಸುಕಿಬಿಡಿ. ಎಲ್ಲವೂ ಮೆತ್ತಗೆ ಬೇಯಲಿ. ಹುಣಸೆರಸ, ಉಪ್ಪು, ಪುಡಿ ಎಂದಿನಂತೆ. ಆದರೆ ತುಪ್ಪ, ಎಣ್ಣೆ, ಕೊಬ್ಬರಿ ಹಾಕಲೇಬೇಡಿ, ಕೊಬ್ಬರಿ ಇಲ್ಲದ ಪುಡಿಯನ್ನೇ ಬಳಸಿ. ಜಿಡ್ಡು ಒಣಗುವ ವಸ್ತುವಲ್ಲ, ಅದಿದ್ದರೆ ಊಟ ಬೇಗ ಕಮಟುತ್ತದೆ.

ಅಡುಗೆ ಆದ ಕೂಡಲೇ ಟ್ರೇಯ ಮೇಲೆ ಬೇಕಿಂಗ್ ಕಾಗದ ಹಾಸಿ ತೆಳ್ಳಗೆ ಹರಡಿ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಬೇಡ. 60 ಡಿಗ್ರಿಯಲ್ಲಿ ಎಂಟರಿಂದ ಹತ್ತು ಗಂಟೆ ಒಣಗಬೇಕು. ನಡುವೆ ಒಮ್ಮೆ ಮಗುಚಿ, ಗಂಟುಗಳನ್ನು ಪುಡಿಮಾಡಿ. ಸಂಡಿಗೆಯ ಹಾಗೆ ಮಾಳಿಗೆಯ ಬಿಸಿಲಿಗೆ ಇಟ್ಟರಾಗದೇ ಎಂದು ಹಲವರು ಕೇಳುತ್ತಾರೆ. ದಯವಿಟ್ಟು ಬೇಡ. ಬೆಂದ ಅನ್ನ, ಬೇಳೆ ಬೆಚ್ಚಗೆ, ಒದ್ದೆಯಾಗಿ ತಾಸುಗಟ್ಟಲೆ ಕೂತರೆ ವಾಂತಿ, ಭೇದಿ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ವಿಷ ಆಮೇಲೆ ಕುದಿಸಿದರೂ ಹೋಗುವುದಿಲ್ಲ. ಆಸ್ಪತ್ರೆ ಎರಡು ದಿನದ ನಡಿಗೆಯಷ್ಟು ದೂರವಿರುವಾಗ ಈ ಅಪಾಯ ಯಾಕೆ?

ಒಣಗಿದ್ದು ಬೆರಳಲ್ಲಿ ಹಿಡಿದರೆ ಬಾಗಬಾರದು, ಪಟ್ಟನೆ ಮುರಿಯಬೇಕು. ಪೂರ್ತಿ ಆರಿಸಿ ಗಾಜಿನ ಬಾಟಲಿಯಲ್ಲಿ ಒಂದು ವಾರ ಇಡಿ, ದಿನಕ್ಕೊಮ್ಮೆ ಅಲುಗಿಸಿ ನೋಡಿ. ಗಾಜಿನ ಮೇಲೆ ತೇವ ಕಂಡರೆ, ಪುಡಿ ಅಂಟಿಕೊಂಡರೆ ಮತ್ತೆ ಒಣಗಿಸಿ. ಬೂಸ್ಟು ಕಂಡರೆ ಎಸೆದುಬಿಡಿ. ಕೈಗೆ ಸಿಗುವುದು ಸುಮಾರು 430 ಗ್ರಾಂ. ನಾಲ್ಕು ಜಿಪ್ ಚೀಲಗಳಿಗೆ ಹಂಚಿ, ಹೊರಡುವ ದಿನದವರೆಗೂ ಫ್ರೀಜರಿನಲ್ಲಿಡಿ. ಚೀಲವೊಂದರಲ್ಲಿ ಹೆಚ್ಚುಕಮ್ಮಿ 375 ಕ್ಯಾಲೊರಿ, 16 ಗ್ರಾಂ ಪ್ರೋಟೀನ್ ಇರುತ್ತದೆ.

ಶಿಬಿರದಲ್ಲಿ ಒಂದು ಪಾಲು ಪುಡಿಗೆ ಎರಡು ಪಾಲು ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಒಂದು ಕುದಿ ಬರಿಸಿ, ಮುಚ್ಚಿ, ಪಾತ್ರೆಗೆ ಸ್ವೆಟರ್ ಸುತ್ತಿ ಇಪ್ಪತ್ತು ನಿಮಿಷ ಇಡಿ. ಸಣ್ಣ ಡಬ್ಬಿಯಲ್ಲಿ ಬೇರೆಯಾಗಿ ಒಯ್ದ ತುಪ್ಪ ಈಗ ಹಾಕಿ. ಒಂದು ದೊಡ್ಡ ಚಮಚಕ್ಕೆ 130 ಕ್ಯಾಲೊರಿ ಸಿಗುತ್ತದೆ, ಚಳಿಗೆ ಅದು ಬೇಕೇ ಬೇಕು. ಮೇಲೆ ಹುರಿದ ಕಡಲೆಕಾಯಿಬೀಜ.

ನಮ್ಮ ಪಶ್ಚಿಮಘಟ್ಟದ ಒಂದೆರಡು ದಿನದ ಚಾರಣಕ್ಕೆ ಇಷ್ಟೆಲ್ಲ ಬೇಕಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ, ವನ್ಯಧಾಮಗಳಲ್ಲಿ ಬೆಂಕಿ ಹಚ್ಚುವುದು ಅಪರಾಧ. ಅಲ್ಲಿಗೆ ಗೊಜ್ಜವಲಕ್ಕಿ ಒಯ್ಯಿರಿ. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿಮಾಡಿ, ಸಾರಿನಪುಡಿ, ಉಪ್ಪು ಬೆರೆಸಿ ಚೀಲಕ್ಕೆ ಹಾಕಿ. ಹುಣಸೆ, ಬೆಲ್ಲದ ಗೊಜ್ಜನ್ನು ಗಟ್ಟಿಯಾಗಿ ಕುದಿಸಿ ಬಾಟಲಿಗೆ ತುಂಬಿ. ಕಡಲೆಕಾಯಿಬೀಜದ ಒಗ್ಗರಣೆ ಬೇರೆ ಪೊಟ್ಟಣದಲ್ಲಿರಲಿ. ಹಸಿವಾದಾಗ ಗೊಜ್ಜನ್ನು ತಣ್ಣೀರಿನಲ್ಲಿ ಕದಡಿ ಅವಲಕ್ಕಿಯ ಮೇಲೆ ಸುರಿದು, ಮರದ ನೆರಳಲ್ಲಿ ಇಪ್ಪತ್ತು ನಿಮಿಷ ಕಾಲು ಚಾಚಿ ಕೂತಿರಿ.