ಎದೆ ಸಮನಾಗಿ ಬೆಳೆಯಬೇಕಾ? ಮೊದಲು ಬೆನ್ನು ಬಿಗಿ ಹಿಡಿಯಿರಿ

ಸೋಮವಾರ ಸಂಜೆ ವಿಜಯಪುರದ ಜಿಮ್‌ಗಳಲ್ಲಿ ಬೆಂಚ್ ಖಾಲಿ ಸಿಗುವುದೇ ಕಷ್ಟ. ಎಲ್ಲರಿಗೂ ಎದೆ ಬೇಕು. ಆದರೆ ಬಹಳ ಹುಡುಗರು ಭುಜದ ಬಲದಲ್ಲೇ ರಾಡ್ ತಳ್ಳುತ್ತಾರೆ. ಭುಜ ನೋಯುತ್ತದೆ, ಎದೆ ಇದ್ದಂಗೇ ಇರುತ್ತದೆ.

ಮೊದಲು ಮೈ ಬಿಸಿ ಮಾಡಿಕೊಳ್ಳಿ. 5 ನಿಮಿಷ ಕೈ ತಿರುಗಿಸಿ, ಆಮೇಲೆ ಹತ್ತಿಪ್ಪತ್ತು ದಂಡ ಹೊಡೆಯಿರಿ. ನಮ್ಮ ಕಡೆ ಗರಡಿ ಮನೆಯ ಪೈಲ್ವಾನರು ದಂಡ-ಬೈಠಕ್‌ನಿಂದಲೇ ಮೈ ಕಟ್ಟಿದವರು. ಅದನ್ನು ಹಳೇದು ಅಂತ ಬಿಡಬೇಡಿ. 20 ಪುಶ್‌ಅಪ್ ಸರಿಯಾಗಿ ಬಾರದವರು ಇನ್ನೂ ರಾಡ್ ಮುಟ್ಟುವುದು ಬೇಡ.

ಈಗ ಬೆಂಚ್ ಪ್ರೆಸ್, ಅಂದರೆ ಬೆಂಚ್ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು. ಕೆಡುವುದು ಇಲ್ಲೇ, ಅದೂ ರಾಡ್ ಎತ್ತುವ ಮೊದಲೇ. ಮಲಗಿದ ಕೂಡಲೇ ಭುಜದ ಹಿಂದಿನ ಎರಡೂ ಹಲಗೆ ಎಲುಬುಗಳನ್ನು ಒಂದಕ್ಕೊಂದು ಹತ್ತಿರ ಎಳೆದು, ಸ್ವಲ್ಪ ಸೊಂಟದ ಕಡೆ ಇಳಿಸಿ, ಬೆಂಚಿಗೆ ಒತ್ತಿ ಹಿಡಿಯಿರಿ. ಎದೆ ತಾನಾಗಿಯೇ ಮೇಲೇಳುತ್ತದೆ. ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು) ಮುಗಿಯುವವರೆಗೂ ಆ ಬಿಗಿ ಬಿಡಬಾರದು. ರಾಡ್ ಮೇಲೆ ಹೋದಾಗ ಭುಜವೂ ಅದರ ಜೊತೆ ಎದ್ದರೆ ಕೆಲಸ ಎದೆಯಿಂದ ಭುಜಕ್ಕೆ ಜಾರಿತು ಅಂತಲೇ ತಿಳಿಯಿರಿ. ಪಾದ ನೆಲಕ್ಕೆ ಊರಿರಲಿ, ಹೆಬ್ಬೆರಳು ರಾಡನ್ನು ಸುತ್ತಿರಲಿ. ಹೆಬ್ಬೆರಳು ಬಿಟ್ಟು ಹಿಡಿಯುವುದು ತೀರಾ ಅಪಾಯ, ರಾಡ್ ಜಾರಿದರೆ ಎದೆ ಮೇಲೇ ಬೀಳುತ್ತದೆ.

ಮೊಣಕೈ ಪಕ್ಕಕ್ಕೆ ನೇರ ಚಾಚಬೇಡಿ. ಮೇಲಿನಿಂದ ನೋಡಿದವರಿಗೆ ಬಾಣದ ತುದಿಯಂತೆ ಕಾಣಬೇಕು, ಮೈಗೂ ರಟ್ಟೆಗೂ ನಡುವೆ 45ರಿಂದ 60 ಡಿಗ್ರಿ. ಎರಡು-ಮೂರು ಸೆಕೆಂಡು ತಗೊಂಡು ಇಳಿಸಿ, ಎದೆಯ ಕೆಳಭಾಗಕ್ಕೆ ಮೆಲ್ಲಗೆ ತಾಗಿಸಿ, ತಳ್ಳಿ. ಎದೆಗೆ ಬಡಿದು ಪುಟಿಸುವುದು ಬೇಡವೇ ಬೇಡ. ಒಲಿಂಪಿಕ್ ರಾಡ್ ಖಾಲಿ ಇದ್ದರೂ 20 ಕಿಲೋ ಇರುತ್ತದೆ, ಹೊಸಬರಿಗೆ ಮೊದಮೊದಲು ಅಷ್ಟೇ ಸಾಕು. ಪ್ಲೇಟ್ ಹಾಕಿದ ಮೇಲೆ ತಲೆ ಹತ್ತಿರ ಒಬ್ಬರು ನಿಂತಿರಲೇಬೇಕು.

ಎದೆಯ ಮೇಲ್ಭಾಗಕ್ಕೆ ಬೆಂಚನ್ನು ಸುಮಾರು 30 ಡಿಗ್ರಿ ಎತ್ತರಿಸಿ ಡಂಬೆಲ್ ಪ್ರೆಸ್ ಮಾಡಿ. ಜಾಸ್ತಿ ಎತ್ತರಿಸಿದರೆ ಮತ್ತೆ ಭುಜವೇ ದುಡಿಯುತ್ತದೆ. ಬಲಗಡೆ ದಪ್ಪ, ಎಡಗಡೆ ಸಣ್ಣ ಅನ್ನುವವರಿಗೂ ನನ್ನ ಸಲಹೆ ಡಂಬೆಲ್ಲೇ. ಒಂದೊಂದೇ ಕೈಯಲ್ಲಿ ಮಾಡಿ, ಬಲ ಕಡಿಮೆ ಇರುವ ಕೈಯಿಂದ ಶುರು ಮಾಡಿ, ಅದು ಎಷ್ಟು ಸಲ ಎತ್ತಿತೋ ಇನ್ನೊಂದೂ ಅಷ್ಟೇ ಸಲ ಎತ್ತಲಿ.

ಪ್ರತಿಯೊಂದೂ 3 ಸೆಟ್, 8ರಿಂದ 12 ಸಲ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಡುವು. ಎದೆಗೆ ಎಷ್ಟು ಸೆಟ್ಟೋ ಬೆನ್ನಿಗೂ ಅಷ್ಟೇ ಸೆಟ್ ರೋಯಿಂಗ್ (ಭಾರವನ್ನು ಮೈ ಕಡೆ ಎಳೆಯುವ ವ್ಯಾಯಾಮ) ಮಾಡಿ, ಇಲ್ಲದಿದ್ದರೆ ಭುಜ ಮುಂದಕ್ಕೆ ಬಾಗಿ, ಬೆಳೆದ ಎದೆಯೂ ಕುಗ್ಗಿದಂತೆ ಕಾಣುತ್ತದೆ. ಎದೆಯ ಗೆರೆ ಕಾಣಬೇಕು ಅಂದರೆ ಮೈಯ ಕೊಬ್ಬು ಇಳಿಯಬೇಕು, ಎದೆಯ ಕೊಬ್ಬನ್ನಷ್ಟೇ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ.

ಇನ್ನು ಪ್ರೋಟೀನ್ ಪೌಡರ್ ಡಬ್ಬಿ. ಲೇಬಲ್ ಇಲ್ಲದ, ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲದ ಮಾಲನ್ನು ಯಾರು ಹೇಳಿದರೂ ತಗೊಳ್ಳಬೇಡಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಜೋಳದ ರೊಟ್ಟಿ ಜೊತೆ ಮಡಿಕೆ ಕಾಳಿನ ಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದರೆ ಶುರು ಮಾಡುವವರಿಗೆ ಅದೇ ಸಾಕು.