ಕಾರಿನಲ್ಲಿ ಕಿಮ್ಚಿ: ಮಂಗಳೂರಿನಿಂದ ಮರವಂತೆವರೆಗೆ ಕೆಡದ ಹಾಗೆ ಒಯ್ಯುವುದು ಹೇಗೆ

ವರ್ಷಗಟ್ಟಲೆ ಫೋನಿನಲ್ಲೇ ಹರಟಿದ ಆನ್‌ಲೈನ್ ಗೆಳೆಯರನ್ನು ಒಂದು ಭಾನುವಾರ ಮುಖತಃ ನೋಡಿ ಬರಬೇಕು, ಹೋಗುವಾಗ ಮನೆಯಲ್ಲೇ ಮಾಡಿದ ಕೊರಿಯನ್ ಅಡುಗೆ ಕೊಂಡೊಯ್ಯಬೇಕು ಎಂಬ ಆಸೆ ಒಳ್ಳೆಯದೇ. ಆದರೆ ಅಡುಗೆ ಕೆಡುವುದು ಎರಡೇ ಕಡೆ. ಒಂದು, ಕ್ಯಾಬೇಜಿಗೆ ಉಪ್ಪು ಹಿಡಿಸುವಾಗ. ಇನ್ನೊಂದು, ಡಬ್ಬಿಯ ಮುಚ್ಚಳ ಹಾಕುವಾಗ. ಚಳಿದೇಶದ ಲೆಕ್ಕವನ್ನು ನಮ್ಮ ಕರಾವಳಿಯ ಸೆಕೆಗೆ ಹಾಗೆಯೇ ಹಚ್ಚಿದರೆ ಉಡುಪಿ ತಲುಪುವ ಮೊದಲೇ ಕಾರಿನ ತುಂಬ ಬೆಳ್ಳುಳ್ಳಿ ವಾಸನೆ, ಸೀಟಿನ ಮೇಲೆ ಕೆಂಪು ರಸ.

ಇಲ್ಲಿ ಹೇಳಿರುವ ಅಳತೆ ಮೂರು ನಾಲ್ಕು ಮನೆಗಳಿಗೆ ಸಾಕು. ಅಡುಗೆ ಮೂರು ಬಗೆ: ಉಪ್ಪು, ಮೆಣಸು ಹಚ್ಚಿ ಹುಳಿ ಬರಿಸಿದ ಕ್ಯಾಬೇಜಿನ ಕಿಮ್ಚಿ, ಕಡಲಕಳೆಯ ಹಾಳೆಯಲ್ಲಿ ಅನ್ನ ಸುತ್ತಿದ ಕಿಂಬಾಪ್, ಆವಿಯಲ್ಲಿ ಬೇಯಿಸಿದ ಬದನೆಯ ಗಾಜಿ ನಾಮುಲ್. ಮೊದಲ ಪ್ರಯಾಣಕ್ಕೆ ಇದಕ್ಕಿಂತ ಹೆಚ್ಚು ಹಚ್ಚಿಕೊಳ್ಳಬೇಡಿ. ಸಾರಿನಂಥ ಅಡುಗೆಯಂತೂ ಬೇಡವೇ ಬೇಡ.

ಮೊದಲು ಕೇಳಿ, ಆಮೇಲೆ ಹೆಚ್ಚಿ

ಹೊರಡುವ ವಾರಕ್ಕೆ ಮೊದಲೇ ಪ್ರತಿ ಮನೆಗೂ ಒಂದು ಸಂದೇಶ ಹೋಗಲಿ. ಮೀನು, ಸಿಗಡಿ, ಮೊಟ್ಟೆ ತಿನ್ನುತ್ತೀರಾ? ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆಯೇ? ಎಳ್ಳು, ಸೋಯಾ, ಸಿಗಡಿ ಯಾರಿಗಾದರೂ ಒಗ್ಗುವುದಿಲ್ಲವೇ? ಮನೆಯಲ್ಲಿ ಒಟ್ಟು ಎಷ್ಟು ಜನ? ಉಡುಪಿಯ ಕೆಲವು ಸಂಪ್ರದಾಯಸ್ಥ ಮನೆಗಳಲ್ಲಿ ಕ್ಯಾಬೇಜನ್ನೂ ಒಳಗೆ ತರುವುದಿಲ್ಲ. ಚಾತುರ್ಮಾಸ್ಯದ ತಿಂಗಳುಗಳಲ್ಲಿ ವ್ರತದ ನಿಯಮ ಬೇರೆಯೇ ಇರುತ್ತದೆ. ಬಾಗಿಲಿಗೆ ಹೋಗಿ ನಿಂತ ಮೇಲೆ ಇದು ಗೊತ್ತಾಗಬಾರದು.

ಸಸ್ಯಾಹಾರಿ ಗೆಳೆಯರಿಗೆ ಕಿಮ್ಚಿ ಕೊಡಲಾಗದು ಎಂದು ಬೇಸರಿಸಬೇಕಾಗಿಲ್ಲ. ಕೊರಿಯಾದ ಬೌದ್ಧ ದೇವಾಲಯಗಳ ಅಡುಗೆಯಲ್ಲಿ ಮೀನು ಮಾಂಸ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಐದು ಪದಾರ್ಥಗಳಿಗೂ ಅಲ್ಲಿ ನಿಷೇಧವಿದೆ. ನಮ್ಮ ಉಡುಪಿ ಅಡುಗೆಯ ಜೀವವಾದ ಇಂಗು ಕೂಡ ಆ ಐದರಲ್ಲಿ ಒಂದು. ಹಾಗಾಗಿ ಕಿಮ್ಚಿಯ ಮಸಾಲೆಯನ್ನು ಆರಂಭದಲ್ಲೇ ಎರಡು ಪಾತ್ರೆಗಳಲ್ಲಿ ಕಲಸಿ. ಎರಡಕ್ಕೂ ಚಮಚ ಬೇರೆ, ಡಬ್ಬಿ ಬೇರೆ, ಮುಚ್ಚಳದ ಮೇಲೆ ಹೆಸರು ಬರೆದ ಚೀಟಿ.

ಭಾನುವಾರ ಬೆಳಿಗ್ಗೆ ಹೊರಡುವುದಾದರೆ ಕೆಲಸ ಗುರುವಾರ ಸಂಜೆಯೇ ಶುರುವಾಗಬೇಕು. ಶನಿವಾರ ರಾತ್ರಿ ಮಾಡಿದ ಕಿಮ್ಚಿ ಹಸಿ ಕೋಸಂಬರಿಯಂತಿರುತ್ತದೆ.

ಉಪ್ಪು ಹಿಡಿಸುವುದು

ಉದ್ದನೆಯ ಚೈನೀಸ್ ಕ್ಯಾಬೇಜ್ 2 ಕಿಲೋ ಬೇಕು. ಮಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಕೇಳಿ ನೋಡಿ. ಸಿಗದಿದ್ದರೆ ಮಾಮೂಲಿ ಕ್ಯಾಬೇಜ್ ಆದೀತು, ಉಪ್ಪು ಹಿಡಿಯಲು ಅರ್ಧ ಗಂಟೆ ಹೆಚ್ಚು ತೆಗೆದುಕೊಳ್ಳುತ್ತದೆ. ಇಡೀ ಗಡ್ಡೆಯನ್ನು ಸೀಳಿ ಎಸಳಿನ ನಡುವೆ ಉಪ್ಪು ತುಂಬುವ ಕ್ರಮ ನೋಡಲು ಚಂದ, ಕಾರಿನ ಪ್ರಯಾಣಕ್ಕೆ ಹೇಳಿಸಿದ್ದಲ್ಲ. ಹೋದ ಮನೆಯಲ್ಲಿ ಕತ್ತರಿಸುವಾಗ ಕೈಯೆಲ್ಲ ಕೆಂಪು, ಮಣೆಯೆಲ್ಲ ಕೆಂಪು. ಮೊದಲೇ 3-4 ಸೆಂ.ಮೀ. ತುಂಡು ಮಾಡಿ ಹಾಕುವ ‘ಮಾಕ್ ಕಿಮ್ಚಿ’ಯನ್ನೇ ಮಾಡಿ. ಉಪ್ಪು ಸಮನಾಗಿ ಹಿಡಿಯುತ್ತದೆ, ಚಮಚದಲ್ಲೇ ಬಡಿಸಬಹುದು.

ತುಂಡುಗಳನ್ನು ದೊಡ್ಡ ಪಾತ್ರೆಯಲ್ಲಿ ಹರವಿ ಒಂದು ಲೋಟ ನೀರು ಚಿಮುಕಿಸಿ. 120 ಗ್ರಾಂ ಕಲ್ಲುಪ್ಪನ್ನು ತೂಗಿಯೇ ಹಾಕಿ. ಚಮಚದ ಲೆಕ್ಕ ಬೇಡ, ಏಕೆಂದರೆ ಒಂದು ಚಮಚ ಪುಡಿ ಉಪ್ಪಿನ ತೂಕ ಒಂದು ಚಮಚ ಕಲ್ಲುಪ್ಪಿನದಕ್ಕಿಂತ ಹೆಚ್ಚು. ಪುಡಿ ಉಪ್ಪು ಬೇಗ ಕರಗಿ ತೆಳು ಎಲೆಗಳೊಳಗೆ ಇಳಿದುಬಿಡುತ್ತದೆ, ದಪ್ಪ ಬಿಳಿ ದಂಟು ಹಸಿಯಾಗಿಯೇ ಉಳಿಯುತ್ತದೆ. ಮುಕ್ಕಾಲು ಪಾಲು ಉಪ್ಪು ಬಿಳಿ ದಂಟಿನ ತುಂಡುಗಳಿಗೇ ಬೀಳಲಿ.

ಅರ್ಧ ಗಂಟೆಗೊಮ್ಮೆ ಅಡಿಯದ್ದು ಮೇಲೆ, ಮೇಲಿನದ್ದು ಅಡಿಗೆ ಬರುವಂತೆ ಕೈಯಾಡಿಸಿ. ಹಿಸುಕಬೇಡಿ, ಹಿಸುಕಿದರೆ ಎಲೆ ಜಜ್ಜಿಹೋಗಿ ಆಮೇಲೆ ಲೋಳೆಯಾಗುತ್ತದೆ. ಕೊರಿಯಾದ ಚಳಿಗಾಲದಲ್ಲಿ ಇಡೀ ಗಡ್ಡೆಗೆ ಒಂದು ರಾತ್ರಿ ಬೇಕಾಗುತ್ತದೆ. ನಮ್ಮ 30 ಡಿಗ್ರಿ ಸೆಕೆಯಲ್ಲಿ ಈ ತುಂಡುಗಳಿಗೆ ಒಂದೂವರೆ ಗಂಟೆ ಸಾಕು. ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಸಿಗುವುದು ಬಾಯಿಗೆ ಇಡಲಾಗದ ಉಪ್ಪು ಸೊಪ್ಪು.

ಗಡಿಯಾರಕ್ಕಿಂತ ಬೆರಳನ್ನು ನಂಬಿ. ಎಲ್ಲಕ್ಕಿಂತ ದಪ್ಪವಾದ ಒಂದು ಬಿಳಿ ದಂಟನ್ನು ಎರಡು ಬೆರಳಲ್ಲಿ ಹಿಡಿದು ಮಡಚಿ. ‘ಟಕ್’ ಎಂದು ಮುರಿದರೆ ಇನ್ನೂ ಇಪ್ಪತ್ತು ನಿಮಿಷ ಬೇಕು. ಎರಡೂ ತುದಿ ಒಂದಕ್ಕೊಂದು ತಾಗುವಷ್ಟು ಬಾಗಿ, ಬಿಟ್ಟ ಕೂಡಲೇ ನಿಧಾನವಾಗಿ ಬಿಚ್ಚಿಕೊಂಡರೆ ಹದ ಬಂದಿದೆ. ಅಷ್ಟರಲ್ಲಿ ಪಾತ್ರೆಯ ಅಡಿಯಲ್ಲಿ ಎರಡು ಮೂರು ಲೋಟ ನೀರು ನಿಂತಿರುತ್ತದೆ, ರಾಶಿ ಅರ್ಧಕ್ಕೆ ಇಳಿದಿರುತ್ತದೆ. ಆ ನೀರನ್ನು ಚೆಲ್ಲಿ.

ಇನ್ನು ತೊಳೆಯುವುದು. ಹಲಸಿನ ಉಪ್ಪು ಸೊಳೆಯ ಉಪ್ಪು ಬಿಡಿಸಿ ಪಲ್ಯ ಮಾಡಿ ಗೊತ್ತಿದ್ದವರಿಗೆ ಇದು ಹೊಸತಲ್ಲ. ಮೂರು ಸಲ ಹೊಸ ನೀರಿನಲ್ಲಿ ಜಾಲಾಡಿ ಒಂದು ತುಂಡು ತಿಂದು ನೋಡಿ. ದಿನವೂ ಉಣ್ಣುವ ಪಲ್ಯಕ್ಕಿಂತ ಒಂದು ಗುಂಜಿ ಹೆಚ್ಚು ಉಪ್ಪಿರಬೇಕು. ವಿಪರೀತ ಎನಿಸಿದರೆ ಕಾಲು ಗಂಟೆ ಸಿಹಿನೀರಿನಲ್ಲಿ ಮುಳುಗಿಸಿಡಿ. ಸಪ್ಪೆ ಎನಿಸಿದರೆ ಮಸಾಲೆಯಲ್ಲಿ ಸರಿಪಡಿಸಬಹುದು. ಕೊನೆಗೆ ಕಿಮ್ಚಿಯಲ್ಲಿ ನೂರಕ್ಕೆ ಎರಡರಿಂದ ಮೂರು ಪಾಲು ಉಪ್ಪು ಉಳಿಯಬೇಕು. ಕಡಿಮೆಯಾದರೆ ಹುಳಿ ಬರುವ ಮೊದಲೇ ಮೆತ್ತಗಾಗಿ ಕೊಳೆಯುತ್ತದೆ, ಹೆಚ್ಚಾದರೆ ಹುಳಿಯೇ ಏರುವುದಿಲ್ಲ.

ಬಹುಮಂದಿ ಅವಸರ ಮಾಡುವುದು ಇದರ ನಂತರ. ತೊಳೆದ ಕ್ಯಾಬೇಜ್ ತೂತಿನ ಬುಟ್ಟಿಯಲ್ಲಿ ಕನಿಷ್ಠ ಒಂದು ಗಂಟೆ ಬಸಿಯಲೇಬೇಕು. ಇಲ್ಲಿ ಉಳಿಸಿದ ನೀರು ಮಸಾಲೆಯನ್ನು ತೆಳುಮಾಡುತ್ತದೆ, ಆ ತೆಳು ರಸವೇ ನಾಳೆ ಡಬ್ಬಿಯಿಂದ ಸೋರುವುದು.

ಮಸಾಲೆ

ಕೊರಿಯಾದ ಮೆಣಸಿನ ತರಿ, ಗೊಚುಗಾರು, ತರಿಸುವುದಾದರೆ ತರಿಸಿ. ಅದು ಸಿಗದಿದ್ದರೂ ಚಿಂತೆಯಿಲ್ಲ. ನಮ್ಮ ಬ್ಯಾಡಗಿ ಮೆಣಸು (2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು) ಬಣ್ಣ ಹೆಚ್ಚು, ಖಾರ ಕಡಿಮೆ. ಈ ಕೆಲಸಕ್ಕೆ ಹದವಾದದ್ದು. ತೊಟ್ಟು, ಬೀಜ ತೆಗೆದು ಬಿಸಿಲಿಗೆ ಗರಿಗರಿ ಒಣಗಿಸಿ, ಹುರಿಯದೆ ಮಿಕ್ಸಿಯಲ್ಲಿ ರವೆಯಷ್ಟು ತರಿಯಾಗಿ ತಿರುಗಿಸಿ. 70 ಗ್ರಾಂ ಬೇಕು. ಹುರಿದರೆ ಕೋರಿ ಗಸಿಯ ಪರಿಮಳ ಬರುತ್ತದೆ, ಅದು ಇಲ್ಲಿಗೆ ಹೊಂದದು. ಪ್ಯಾಕೆಟ್ಟಿನ ನುಣ್ಣನೆ ಖಾರದ ಪುಡಿ ಹಾಕಿದರೆ ಮಸಾಲೆ ಕೆಸರಾಗುತ್ತದೆ. ಗೊಚುಜಾಂಗ್ ಎಂಬ ಕೆಂಪು ಹಿಟ್ಟಿನ ಡಬ್ಬ ಬೇರೆಯೇ ಪದಾರ್ಥ. ಹೆಸರು ಹತ್ತಿರವಿದೆ ಎಂದು ಅದನ್ನು ಕ್ಯಾಬೇಜಿಗೆ ಬಳಿಯಬೇಡಿ.

ಎರಡು ದೊಡ್ಡ ಚಮಚ ಬೆಳ್ತಿಗೆ ಅಕ್ಕಿ ಹಿಟ್ಟನ್ನು ಒಂದೂವರೆ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಗಂಜಿ ಕಾಸಿ, ಒಂದು ಚಮಚ ಸಕ್ಕರೆ ಹಾಕಿ ಪೂರ್ತಿ ಆರಿಸಿ. ಮೆಣಸಿನ ತರಿ, ಅರೆದ ಶುಂಠಿ ಒಂದು ಇಂಚು ಸೇರಿಸಿ ಎರಡು ಭಾಗ ಮಾಡಿ. ಒಂದು ಭಾಗಕ್ಕೆ ಬೆಳ್ಳುಳ್ಳಿ ಹತ್ತು ಹನ್ನೆರಡು ಎಸಳು, ಅರ್ಧ ಈರುಳ್ಳಿ, ಎರಡು ದೊಡ್ಡ ಚಮಚ ಫಿಶ್ ಸಾಸ್, ಬಿಸಿನೀರಿನಲ್ಲಿ ನೆನೆಸಿ ಅರೆದ ಒಂದು ಹಿಡಿ ಒಣ ಸಿಗಡಿ, ನಾಲ್ಕು ಎಳೆ ಈರುಳ್ಳಿ ಸೊಪ್ಪು. ಕೊರಿಯಾದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಪುಟ್ಟ ಸಿಗಡಿ ಬಳಸುತ್ತಾರೆ. ನಮ್ಮ ಒಣ ಸಿಗಡಿಯಲ್ಲಿ ಮರಳು ಇರುತ್ತದೆ, ಜಾಲಿಸಿಯೇ ನೆನೆಸಿ. ಇನ್ನೊಂದು ಭಾಗಕ್ಕೆ ತುರಿದ ಅರ್ಧ ಪೇರ್ ಹಣ್ಣು, ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್. ಕ್ಯಾರಮೆಲ್ ಬಣ್ಣ ಬೆರೆಸಿದ ಕಪ್ಪು ಸೋಯಾ ಸಾಸ್ ತರಬೇಡಿ, ಕಿಮ್ಚಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಸಣ್ಣಗೆ ಸೀಳಿದ ಮೂಲಂಗಿ 300 ಗ್ರಾಂ ಎರಡಕ್ಕೂ ಹಂಚಿ, ಕ್ಯಾಬೇಜ್ ಹಾಕಿ, ಕೈಗವಸು ತೊಟ್ಟು ಕಲಸಿ. ವಿನೆಗರ್ ಹಾಕಿ ‘ದಿಢೀರ್ ಕಿಮ್ಚಿ’ ಮಾಡುವವರಿದ್ದಾರೆ. ಅದು ಉಪ್ಪಿನಕಾಯಿ, ಕಿಮ್ಚಿಯಲ್ಲ.

ಹುಳಿ ಬರಿಸುವುದು

ಕಿಮ್ಚಿಯನ್ನು ಹುಳಿ ಬರಿಸುವ ಲ್ಯೂಕೋನೊಸ್ಟಾಕ್ ಎಂಬ ಸೂಕ್ಷ್ಮಾಣುಜೀವಿಯೇ ನಮ್ಮ ಇಡ್ಲಿ ಹಿಟ್ಟನ್ನೂ ಉಬ್ಬಿಸುವುದು. ಹಾಗಾಗಿ ನಿಮ್ಮ ಅಡುಗೆಮನೆಯ ಲೆಕ್ಕ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಹಿಟ್ಟು ರಾತ್ರಿ ಮೂರು ಗಂಟೆಗೇ ಪಾತ್ರೆ ಮೀರುತ್ತದೆ, ಆಟಿಯ ಮಳೆಯಲ್ಲಿ ಬೆಳಗಾದರೂ ಏಳುವುದಿಲ್ಲ. ಕಿಮ್ಚಿಯೂ ಹಾಗೆಯೇ. ಬೇಸಿಗೆಯಲ್ಲಿ 16 ರಿಂದ 20 ಗಂಟೆ, ಮಳೆಗಾಲದಲ್ಲಿ ಸುಮಾರು 30 ಗಂಟೆ ಹೊರಗಿಡಿ. ಗಾಜಿನ ಭರಣಿಯಲ್ಲಿ ಒತ್ತಿ ತುಂಬಿ, ಕೆಳಗೊಂದು ತಟ್ಟೆ, ಮುಚ್ಚಳ ಸಡಿಲ. ಚಮಚದಿಂದ ಒತ್ತಿದಾಗ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ತಿಳಿಹುಳಿ ವಾಸನೆ ಬಂದರೆ ಕೂಡಲೇ ಫ್ರಿಜ್ಜಿಗೆ. ಗುರುವಾರ ರಾತ್ರಿ ಕಲಸಿದ್ದು ಶುಕ್ರವಾರ ಸಂಜೆ ಒಳಗೆ ಹೋದರೆ ಭಾನುವಾರಕ್ಕೆ ರುಚಿ ಕಟ್ಟಿರುತ್ತದೆ.

ಕಿಂಬಾಪ್ ಅನ್ನು ಸುತ್ತಿ ಒಯ್ಯಬೇಡಿ

ಬೆಳಿಗ್ಗೆ ಐದಕ್ಕೆ ಎದ್ದು ಇಪ್ಪತ್ತು ರೋಲ್ ಸುತ್ತಿಟ್ಟುಕೊಂಡು ಹೊರಡುವುದು ಶುದ್ಧ ತಪ್ಪು. ಸೆಕೆಯಲ್ಲಿ ನಾಲ್ಕೈದು ಗಂಟೆ ಇದ್ದ ಅನ್ನದಲ್ಲಿ ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಬೆಳೆಯುತ್ತದೆ. ಐಸಿನಲ್ಲಿಟ್ಟರೆ ಅನ್ನ ಗಟ್ಟಿಯಾಗಿ ಕಾಳುಕಾಳಾಗುತ್ತದೆ. ಕಡಲಕಳೆಯ ಹಾಳೆ ಅಷ್ಟರಲ್ಲಿ ತೇವ ಹೀರಿ ರಬ್ಬರಾಗಿರುತ್ತದೆ. ಸಾಮಾನು ಒಯ್ಯಿರಿ, ಗೆಳೆಯರ ಮನೆಯಲ್ಲೇ ಅನ್ನ ಬೇಯಿಸಿ ಸುತ್ತಿ. ಮೊದಲ ಭೇಟಿಯ ಮಾತು ತಡವರಿಸುವ ಹೊತ್ತಿನಲ್ಲಿ ಕೈಗೆ ಕೆಲಸವಿದ್ದರೆ ಎಲ್ಲರಿಗೂ ಹಗುರ.

400 ಗ್ರಾಂ ಬೆಳ್ತಿಗೆ ಅಕ್ಕಿಗೆ ಆರು ರೋಲ್ ಬರುತ್ತದೆ. ಕುಚ್ಚಲಕ್ಕಿ ಆಗದು, ಅದರ ಅನ್ನ ಒಂದಕ್ಕೊಂದು ಅಂಟುವುದೇ ಇಲ್ಲ. ಕೊರಿಯನ್ ಅಕ್ಕಿ ಇಲ್ಲದಿದ್ದರೆ ಹೊಸ ಸೋನಾ ಮಸೂರಿಯನ್ನು ಮೆತ್ತಗೆ ಬೇಯಿಸಿ. ಬಿಸಿಯಿರುವಾಗಲೇ ಒಂದು ಚಿಕ್ಕ ಚಮಚ ಉಪ್ಪು, ಒಂದೂವರೆ ದೊಡ್ಡ ಚಮಚ ಹುರಿದ ಎಳ್ಳಿನ ಎಣ್ಣೆ ಕಲಸಿ. ನಮ್ಮ ಅಂಗಡಿಯ ಎಳ್ಳೆಣ್ಣೆ ಹಸಿ ಎಳ್ಳಿನದು, ಆ ಪರಿಮಳ ಬರುವುದಿಲ್ಲ. ಅದಕ್ಕೆ ಎರಡು ಚಮಚ ಹುರಿದು ಕುಟ್ಟಿದ ಬಿಳಿ ಎಳ್ಳು ಸೇರಿಸಿ. ಒಳಗೆ ತುಂಬಲು ಕ್ಯಾರೆಟ್, ಹಿಂಡಿದ ಪಾಲಕ್, ಮುಳ್ಳುಸೌತೆ, ಬೇಕಾದವರಿಗೆ ಮೊಟ್ಟೆ ದೋಸೆಯ ಪಟ್ಟಿ. ಹಳದಿ ಮೂಲಂಗಿಯನ್ನು ಶುಕ್ರವಾರವೇ ವಿನೆಗರ್, ಸಕ್ಕರೆ, ಉಪ್ಪು, ಚಿಟಿಕೆ ಅರಸಿನದ ನೀರಿನಲ್ಲಿ ಹಾಕಿಡಿ. ತಿನ್ನಲೆಂದು ಮಾರುವ ಎಣ್ಣೆ ಸವರಿದ ಚಿಕ್ಕ ಕಡಲಕಳೆ ಹಾಳೆ ಸುತ್ತುವಾಗಲೇ ಹರಿಯುತ್ತದೆ. ದೊಡ್ಡ ಚೌಕದ್ದೇ ಬೇಕು. ಹಾಳೆಯ ಒರಟು ಬದಿ ಮೇಲೆ, ಅನ್ನ ತೆಳ್ಳಗೆ, ತುದಿಯಲ್ಲಿ ಮೂರು ಬೆರಳು ಖಾಲಿ. ಚಾಪೆ ಇಲ್ಲದಿದ್ದರೆ ಬಾಡಿಸಿದ ಬಾಳೆಎಲೆಯ ಮೇಲೆ ಸುತ್ತಿ.

ಪೆಟ್ಟಿಗೆ ಮತ್ತು ದಾರಿ

ಸ್ಟೀಲ್ ಟಿಫಿನ್ ಕ್ಯಾರಿಯರ್ ಬೇಡ, ರಸ ಜೋಡಣೆಯಲ್ಲಿ ಇಳಿಯುತ್ತದೆ. ತಿರುಪಿನ ಗಾಜಿನ ಭರಣಿಯೂ ಬೇಡ. ಒಳಗಿನ ಗ್ಯಾಸ್ ಒತ್ತಿ, ತೆರೆದ ಕೂಡಲೇ ರಸ ಚಿಮ್ಮುತ್ತದೆ. ರಬ್ಬರ್ ಅಂಚಿನ, ನಾಲ್ಕು ಬದಿ ಕ್ಲಿಪ್ ಇರುವ ಡಬ್ಬಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ಮೇಲೊಂದು ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿ. ಹೊಸ ಥರ್ಮಾಕೋಲ್ ಪೆಟ್ಟಿಗೆ ಕೊಳ್ಳಿ, ಮೀನು ಇಟ್ಟದ್ದನ್ನಲ್ಲ. ಐಸ್ ಪುಡಿ ಕರಗಿ ಡಬ್ಬಿ ತೇಲುತ್ತದೆ, ಅದರ ಬದಲು ಲೀಟರ್ ಬಾಟಲಿಗಳಲ್ಲಿ ಮೇಲೆ ಎರಡು ಬೆರಳು ಜಾಗ ಬಿಟ್ಟು ನೀರು ತುಂಬಿ ಇಡೀ ದಿನ ಫ್ರೀಜರಿನಲ್ಲಿಡಿ. ನಾಲ್ಕು ಬಾಟಲಿ ಸಾಕು. ಪೆಟ್ಟಿಗೆ ಡಿಕ್ಕಿಗೆ ಹಾಕಬೇಡಿ, ಮುಂದಿನ ಸೀಟಿನ ಹಿಂದೆ ನೆಲದ ಮೇಲಿರಲಿ.

ಮಂಗಳೂರಿನಿಂದ ಮರವಂತೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 110 ಕಿ.ಮೀ. ಬೆಳಿಗ್ಗೆ ಆರೂವರೆಯೊಳಗೆ ಕೂಳೂರು ಸೇತುವೆ ದಾಟಿಬಿಡಿ, ಆಮೇಲೆ ಅಲ್ಲಿ ವಾಹನ ಸಾಲುಗಟ್ಟುತ್ತವೆ. ಹೆಜಮಾಡಿ, ಗುಂಡ್ಮಿಯಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡು ಇರಲಿ. ಗಂಟೆಗೊಮ್ಮೆ ನಿಲ್ಲಿಸಿದಾಗ ಡಬ್ಬಿಯ ಒಂದು ಕ್ಲಿಪ್ ಎತ್ತಿ ಗಾಳಿ ಬಿಟ್ಟು ಮತ್ತೆ ಒತ್ತಿ.

ಕಟಪಾಡಿಯಲ್ಲಿ ಮಟ್ಟುಗುಳ್ಳ ಕೊಳ್ಳಲು ಮರೆಯದಿರಿ. ಕೃಷ್ಣನಿಗೂ ಸಲ್ಲುವ ಬದನೆ ಇದು, ಕ್ಯಾಬೇಜ್ ತಿನ್ನದ ಮನೆಗೆ ಇದೇ ಸರಿ. ನಾಲ್ಕು ಹೋಳು ಮಾಡಿ ಇಡ್ಲಿ ಬೇಯಿಸುವ ಪಾತ್ರೆಯ ಆವಿಯಲ್ಲಿ ಆರೇಳು ನಿಮಿಷ ಬೇಯಿಸಿ. ಕೊರಿಯಾದ ಉದ್ದ ಬದನೆಗಿಂತ ಇದು ಬೇಗ ಕರಗುತ್ತದೆ. ಆರಿದ ಮೇಲೆ ಕೈಯಲ್ಲೇ ಸೀಳಿ ಸೋಯಾ ಸಾಸ್, ಎಳ್ಳೆಣ್ಣೆ, ಹುರಿದ ಎಳ್ಳು ಕಲಸಿದರೆ ಗಾಜಿ ನಾಮುಲ್ ಆಯಿತು.

ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ಇರುವ ಮರವಂತೆಯ ದಾರಿಯಲ್ಲಿ ಎಲ್ಲರೂ ಇಳಿಯುತ್ತಾರೆ, ಇಳಿಯಲೇಬೇಕು. ಆದರೆ ನೆರಳಿಲ್ಲದ ಜಾಗ, ಮುಚ್ಚಿದ ಕಾರು ಹತ್ತೇ ನಿಮಿಷದಲ್ಲಿ ಕುಲುಮೆಯಾಗುತ್ತದೆ. ಮನೆಗಳಿಗೆ ಮೊದಲು ಹೋಗಿ, ಕಡಲನ್ನು ಸಂಜೆ ನೋಡಿ.

ಯಾರನ್ನೂ ಇದುವರೆಗೆ ಮುಖತಃ ಕಂಡಿಲ್ಲವಾದರೆ ಮೊದಲ ಭೇಟಿ ಹಗಲಿನಲ್ಲಿ, ಜನರಿರುವ ಹೋಟೆಲಿನಲ್ಲಿ ಆಗಲಿ. ಅಲ್ಲಿಂದ ಒಟ್ಟಿಗೆ ಮನೆಗೆ ಹೋಗಬಹುದು. ಮನೆಯವರಿಗೆ ಲೈವ್ ಲೊಕೇಶನ್ ಕಳುಹಿಸಿಡಿ. ಗೆಳೆಯರ ಅಮ್ಮ ನೀರುದೋಸೆ ಹುಯ್ದೇ ಹುಯ್ಯುತ್ತಾರೆ, ಬೇಡ ಎನ್ನಬೇಡಿ. ಕಿಮ್ಚಿಯನ್ನು ಅದರ ಜೊತೆಗೇ ಬಡಿಸಿ, ಚೆನ್ನಾಗಿ ಹೊಂದುತ್ತದೆ.

ಕೊರಿಯಾದಲ್ಲಿ ಊರವರು ಕೂಡಿ ಕಿಮ್ಚಿ ಮಾಡಿ ಹಂಚಿಕೊಳ್ಳುವ ಕಿಮ್ಜಾಂಗ್ ಪದ್ಧತಿ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹಾಗಾಗಿ ಪ್ರತಿ ಮನೆಗೂ ಒಂದು ಚಿಕ್ಕ ಡಬ್ಬಿ ಬಿಟ್ಟು ಬನ್ನಿ. ಕೊಡುವಾಗ ಮೂರು ಮಾತು ಹೇಳಿ: ಫ್ರಿಜ್ಜಿನಲ್ಲಿಡಿ, ಒಣ ಚಮಚವನ್ನೇ ಹಾಕಿ, ಎರಡು ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಬಿಡಿ. ಎರಡು ವಾರ ಕಳೆದು ಹುಳಿ ಜಾಸ್ತಿಯಾದರೆ ಎಸೆಯುವುದಲ್ಲ, ತಂಗಳನ್ನದ ಜೊತೆ ಬಾಣಲೆಯಲ್ಲಿ ಹುರಿಯಬೇಕು.